ಐಸಮ್ಮನ ಮೊಳ, ಪೂವಕ್ಕನ ಮೊಳ

ಕಳೆದ ತಿಂಗಳು ಪಂಜದಿಂದ ಕಡಬಕ್ಕೆ ಒಂದು ಮದುವೆಗೆ ಹೊರಟಿದ್ದೆ. ಕಾರು ಬಿಡುತ್ತಿದ್ದವನು ನನ್ನ ತಂಗಿಯ ಮೊಮ್ಮಗ. ಕಿಟಕಿ ಮುಚ್ಚಿ ಎಸಿ ಹಾಕುತ್ತೇನೆ ಅಂದವನನ್ನು ಗದರಿಸಿ, ಗಾಳಿಗೆ ಮುಖ ಒಡ್ಡಿ ಕೂತಿದ್ದೆ. ಹೊಳೆ ದಾಟಿ ಸ್ವಲ್ಪ ಮುಂದೆ ಬಂದಾಗ ಒಂದು ತಿರುವಿನಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಹಸಿ ಎಲೆ ದೊಡ್ಡ ಹಂಡೆಯಲ್ಲಿ ಕುದಿಯುವ ವಾಸನೆ, ಅದರ ಜೊತೆಗೆ ತೆಂಗಿನ ಮಡಲಿನ ಹೊಗೆ. "ನಿಲ್ಲಿಸು! ನಿಲ್ಲಿಸು ಮಾರಾಯ!" ಎಂದು ಕೂಗಿದೆ. ಹುಡುಗ ಬೆಚ್ಚಿಬಿದ್ದು ಬ್ರೇಕು ಒತ್ತಿದ. "ವಾಂತಿ ಬರ್ತದಾ ಅಜ್ಜಿ?" ಎಂದು ಕೇಳಿದ. ವಾಂತಿಯೂ ಇಲ್ಲ, ಮಣ್ಣೂ ಇಲ್ಲ. ಮದುವೆಗೆಂದು ಉಟ್ಟ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಎಂಬತ್ತರ ಹತ್ತಿರದ ನಾನು ಆ ಮನೆಯ ಅಂಗಳಕ್ಕೆ ಇಳಿದೇಬಿಟ್ಟೆ.

ಅಲ್ಲಿ ಒಬ್ಬಳು ಹೆಂಗಸು ಮುಂಡೇವಿನ ಎಲೆ ಬೇಯಿಸುತ್ತಿದ್ದಳು. ಮುಂಡೇವು ಎಂದರೆ ಕೇದಗೆಯ ಜಾತಿಯ ಮುಳ್ಳುಗಿಡ. ಹೊಳೆಯ ಬದಿಯಲ್ಲಿ, ತೋಡಿನ ಬದಿಯಲ್ಲಿ ತಾನಾಗಿಯೇ ಬೆಳೆಯುತ್ತದೆ. ಅದರ ಎಲೆಯಿಂದ ನೇಯ್ದ ಚಾಪೆಯ ಮೇಲೆ ಮಲಗಿ ಅಭ್ಯಾಸವಾದವರಿಗೆ ಬೇರೆ ಯಾವ ಹಾಸಿಗೆಯೂ ರುಚಿಸುವುದಿಲ್ಲ. ನಾನು ಯಾರು, ಎಲ್ಲಿಯವಳು ಎಂದು ಹೇಳುವ ಮೊದಲೇ ಹಂಡೆಗೆ ಇಣುಕಿ, "ಸಾಕು, ಇಳಿಸು. ಇನ್ನು ಕುದಿದ್ರೆ ಸೀಳುವಾಗ ಹರೀತದೆ" ಅಂದೆ. ಆಕೆ ನನ್ನ ಸೀರೆಯನ್ನೂ ಮುಖವನ್ನೂ ಒಟ್ಟಿಗೆ ನೋಡಿ ನಕ್ಕಳು. ಮದುವೆಗೆ ಮುಟ್ಟುವಾಗ ಧಾರೆ ಮುಗಿದಿತ್ತು, ಸೀರೆಗೆಲ್ಲ ಹೊಗೆ ಹತ್ತಿತ್ತು. ಊಟಕ್ಕೆ ಎಂತ ಇತ್ತು ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಎಲೆಯ ಮುಂದೆ ಕೂತಿದ್ದೆನಾದರೂ ಮನಸ್ಸು ನಮ್ಮ ಚಾಪೆಯ ವರ್ಷಕ್ಕೆ ಹೋಗಿ ಕೂತಿತ್ತು.

ಮೀಟರು, ಕಿಲೋ ಎಂಬ ಹೊಸ ಅಳತೆಗಳು ಬಂದು ಊರಿನವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದ ಕಾಲ ಅದು. ನನಗಾಗ ಹದಿನೇಳೋ ಹದಿನೆಂಟೋ. ನಮ್ಮ ಮನೆ ಕುಮಾರಧಾರಾ ಹೊಳೆಯ ಈಚೆ ದಡದಲ್ಲಿ, ಕಡಬದ ಕಡೆಗೆ ಇತ್ತು. ಪುತ್ತೂರಿನ ಬಸ್ಸು ಬರುತ್ತಿದ್ದುದು ಆಚೆ ದಡಕ್ಕೆ. ನಡುವೆ ಸೇತುವೆ ಇಲ್ಲ, ಹೊಳೆ ದಾಟುವ ಕಡವಿನಲ್ಲಿ ಒಂದು ದೋಣಿ. ಆ ವರ್ಷ ಚಳಿಗಾಲದಲ್ಲಿ, ಗುಂಡ್ಯದ ಮೇಲಿನ ಕಾಡಿಗೆ ಮರ ಕಡಿಯುವ ಕೆಲಸಕ್ಕೆ ಹೋಗಿದ್ದ ಅಪ್ಪನ ಕಾಲಿನ ಮೇಲೆ ದಿಮ್ಮಿ ಉರುಳಿತು. ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದರು. ವೈದ್ಯರು ಬಿದಿರಿನ ಪಟ್ಟಿ ಕಟ್ಟಿ, ಮಳೆಗಾಲ ಮುಗಿಯುವವರೆಗೆ ಕಾಲು ನೆಲಕ್ಕೆ ಊರಬಾರದು ಅಂದರು. ಅಪ್ಪನ ಕಾಲು ಮುರಿದಿತ್ತೇ ಹೊರತು ಬಾಯಿ ಮುರಿದಿರಲಿಲ್ಲ. ಜಗಲಿಯಲ್ಲಿ ಮಲಗಿಕೊಂಡೇ ಹೋಗುವವರನ್ನು, ಬರುವವರನ್ನು ಮಾತನಾಡಿಸಿ, ಕೀಟಲೆ ಮಾಡಿ, ನಗಿಸಿ ಕಳಿಸುತ್ತಿದ್ದರು. ಆದರೆ ನಗುವಿನಿಂದ ಗಂಜಿ ಬೇಯುವುದಿಲ್ಲ. ಅಪ್ಪ, ಅವ್ವ, ನಾನು, ತಂಗಿ, ನಾಲ್ಕು ಹೊಟ್ಟೆಗಳು ಆ ವರ್ಷ ಅವ್ವ ನೇಯುವ ಚಾಪೆಯ ಮೇಲೆಯೇ ನಿಂತಿದ್ದವು.

ನಮ್ಮ ಕಡೆಯವರಿಗೆ ಆಟಿ ತಿಂಗಳು ಎಂದರೆ ಏನೆಂದು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಬಿಟ್ಟೂಬಿಡದೆ ಹೊಡೆಯುವ ತಿಂಗಳು. ಗದ್ದೆಯ ನಾಟಿ ಮುಗಿದು ಕೂಲಿ ಇಲ್ಲ, ಹಳೆಯ ಅಕ್ಕಿ ಮುಗಿದಿದೆ, ಹೊಸದು ಬಂದಿಲ್ಲ. ಚಗಟೆ ಸೊಪ್ಪು, ಕೆಸುವಿನ ಎಲೆ, ಎಳೆ ಬಿದಿರಿನ ಕಣಿಲೆ ಎಂದು ಕಾಡು ಕೊಟ್ಟದ್ದನ್ನು ತಿಂದು ದಿನ ದೂಡಬೇಕು. ಅದಕ್ಕೇ ನಮ್ಮ ಊರಿನ ಹೆಂಗಸರು ಬೇಸಿಗೆಯಿಡೀ ಚಾಪೆ ನೇಯ್ದು ಕಡವಿನ ಬಳಿಯ ಮಂಜಣ್ಣನ ಅಂಗಡಿಗೆ ಹಾಕುತ್ತಿದ್ದರು. ಆಟಿಯಲ್ಲಿ ಆತ ಅಕ್ಕಿ ಅಳೆದು ಕೊಡುತ್ತಿದ್ದ. ಮಂಜಣ್ಣ ಕೆಟ್ಟವನೇನಲ್ಲ, ಆದರೆ ವ್ಯಾಪಾರಿ. ಚಾಪೆಯನ್ನು ಬಿಡಿಸಿಯೂ ನೋಡುತ್ತಿರಲಿಲ್ಲ. ಸುರುಳಿಯನ್ನು ಒಂದು ಸಲ ಕೈಯಲ್ಲಿ ಎತ್ತಿ, "ಹ್ಞೂಂ" ಎಂದು ಮೂಲೆಗೆ ಎಸೆಯುವುದು. ದೊಡ್ಡದಾದರೂ ಸಣ್ಣದಾದರೂ, ಚೆಂದ ಇದ್ದರೂ ಇಲ್ಲದಿದ್ದರೂ ಎಲ್ಲಕ್ಕೂ ಒಂದೇ ಬೆಲೆ. ಆ ಬೆಲೆ ಎಷ್ಟೆಂದು ಹೇಳಿದರೆ ಈಗಿನವರು ನಂಬಲಿಕ್ಕಿಲ್ಲ, ಬಿಡಿ.

ಇಂಥ ಹೊತ್ತಿನಲ್ಲಿ ನಮ್ಮ ಊರಿಗೆ ಸೇವಿಕಮ್ಮ ಬಂದರು. ಸರಕಾರದ ಗ್ರಾಮಸೇವಿಕೆ. ಹೆಸರು ಬೇರೆ ಇತ್ತು, ಆದರೆ ನಮಗೆಲ್ಲ ಅವರು ಸೇವಿಕಮ್ಮನೇ. ಬಂಟ್ವಾಳದ ಕಡೆಯವರು, ತೆಳ್ಳಗಿನ ಮೈ, ಅದಕ್ಕಿಂತ ತೆಳ್ಳಗಿನ ಸ್ವರ. ಉರಿಬಿಸಿಲಿನಲ್ಲಿ ಕಪ್ಪು ಕೊಡೆ ಹಿಡಿದುಕೊಂಡು ಮನೆಯಿಂದ ಮನೆಗೆ ನಡೆಯುತ್ತಿದ್ದರು. ಹೊಗೆಯಿಲ್ಲದ ಒಲೆ ಕಟ್ಟಿ, ನೀರು ಕುದಿಸಿ ಕುಡಿಯಿರಿ ಎಂದು ಹೇಳಲು ಬಂದವರು ಒಂದು ದಿನ ನಮ್ಮ ಜಗಲಿಯಲ್ಲಿ ಅವ್ವ ಹಾಸಿದ ಚಾಪೆಯ ಮೇಲೆ ಕೂತವರೇ, ಮಾತು ನಿಲ್ಲಿಸಿ ಚಾಪೆಯನ್ನು ಸವರತೊಡಗಿದರು. ಮಗುವಿನ ಬೆನ್ನು ಸವರಿದ ಹಾಗೆ.

"ಇದು ನೀವೇ ನೇಯ್ದದ್ದಾ ದೇವಕ್ಕ?"

"ಹೌದು. ಮತ್ಯಾರು ನೇಯುದು?" ಅಂದಳು ಅವ್ವ.

"ಇದನ್ನು ಮಂಗಳೂರಿನಲ್ಲಿ ಜನ ಹುಡುಕಿಕೊಂಡು ಬಂದು ತೆಗೊಳ್ತಾರೆ, ಗೊತ್ತುಂಟಾ ನಿಮಗೆ?"

ಮಂಗಳೂರಿನಲ್ಲಿ ನಾಲ್ಕೈದು ಜನ ಹೆಂಗಸರು ಸೇರಿ ಒಂದು ಅಂಗಡಿ ನಡೆಸುತ್ತಿದ್ದರಂತೆ. ಹಳ್ಳಿಯವರು ಕೈಯಲ್ಲಿ ಮಾಡಿದ ಬುಟ್ಟಿ, ಮಡಕೆ, ಚಾಪೆ ಇಂಥವನ್ನೇ ಮಾರುವ ಅಂಗಡಿ. ಮಾರಿ ಬಂದದ್ದರಲ್ಲಿ ಅಂಗಡಿಯ ಖರ್ಚು ಕಳೆದರೆ ಉಳಿದದ್ದೆಲ್ಲ ಮಾಡಿದವರಿಗೆ. ನಡುವೆ ಯಾರೂ ಇಲ್ಲ. ಸೇವಿಕಮ್ಮ ಹೇಳುತ್ತಿದ್ದರೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಅವರು ಹೊರಟ ಕೂಡಲೇ ಓಡಿಹೋಗಿ ನೆರೆಯ ಪೂವಕ್ಕನಿಗೆ, ತೋಟದಾಚೆಯ ಐಸಮ್ಮನಿಗೆ, ಕಂಡ ಕಂಡ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿದೆ. ಮರುದಿನ ಸೇವಿಕಮ್ಮ ಮತ್ತೆ ಬಂದಾಗ ಏಳೆಂಟು ಜನ ನಮ್ಮ ಅಂಗಳದಲ್ಲಿ ಸೇರಿದರು.

ಪೂವಕ್ಕ ಎಂದರೆ ಆಳೆತ್ತರದ ಹೆಂಗಸು. ನಡೆದರೆ ಕೈ ಮೊಣಕಾಲಿಗೆ ತಾಗುತ್ತದೆಯೋ ಎನ್ನುವಷ್ಟು ಉದ್ದ. ಕೈಗಿಂತ ಉದ್ದ ನಾಲಿಗೆ. ಐಸಮ್ಮ ಅದಕ್ಕೆ ತದ್ವಿರುದ್ಧ. ಪುಟ್ಟ ಆಳು, ಪುಟ್ಟ ಕೈ, ಮಾತು ಕಡಿಮೆ. ಗಂಡ ತೀರಿಹೋಗಿ ಮೂರು ಮಕ್ಕಳನ್ನು ಚಾಪೆ ನೇಯ್ದೇ ಸಾಕುತ್ತಿದ್ದಳು. ಅವಳ ಚಾಪೆಯ ಹೆಣಿಗೆ ಎಷ್ಟು ಬಿಗಿ ಎಂದರೆ ನೀರು ಹೊಯ್ದರೂ ನಿಲ್ಲುತ್ತದೆ ಎಂದು ಊರಿನಲ್ಲಿ ಮಾತು.

"ಮಂಗಳೂರಿನವರು ನಮಗೆ ನಾಮ ಹಾಕಿದ್ರೆ?" ಎಂದು ಪೂವಕ್ಕ ಕೇಳಿದಳು.

"ಮಂಜಣ್ಣ ಹಾಕಿದ ನಾಮ ಇನ್ನೂ ಒಣಗಲಿಲ್ಲ, ಅದರ ಮೇಲೆ ಇನ್ನೊಂದು ಹಾಕಿದ್ರೆ ಗೊತ್ತೇ ಆಗ್ಲಿಕ್ಕಿಲ್ಲ" ಅಂದರು ಜಗಲಿಯಿಂದ ಅಪ್ಪ.

ಎಲ್ಲರೂ ನಕ್ಕರು, ಆದರೆ ಯಾರೂ ಹ್ಞೂಂ ಅನ್ನಲಿಲ್ಲ. ಮಂಜಣ್ಣನ ಅಂಗಡಿ ಬಿಟ್ಟರೆ ಆಟಿಯಲ್ಲಿ ಗತಿ ಯಾರು ಎಂಬ ಪ್ರಶ್ನೆ ಎಲ್ಲರ ಮುಖದಲ್ಲಿತ್ತು. ಕೊನೆಗೆ ಅವ್ವ, ಯಾವತ್ತೂ ಸ್ವರ ಎತ್ತದ ನನ್ನ ಅವ್ವ, ಸೀಳುತ್ತಿದ್ದ ಎಲೆಯಿಂದ ಕಣ್ಣು ತೆಗೆಯದೆ, "ನಾನು ಕೊಡ್ತೇನೆ ಸೇವಿಕಮ್ಮ. ನನ್ನದು ಬರ್ಕೊಳ್ಳಿ" ಅಂದಳು. ಕಾಲು ಮುರಿದ ಗಂಡ, ಇಬ್ಬರು ಹೆಣ್ಣುಮಕ್ಕಳು ಇರುವವಳೇ ಹೊರಟಳಲ್ಲ ಎಂದು ಉಳಿದವರಿಗೂ ಧೈರ್ಯ ಬಂತು. ಆ ಹೊತ್ತು ಅವ್ವನನ್ನು ಎತ್ತಿ ತಿರುಗಿಸಬೇಕು ಅನಿಸಿತು ನನಗೆ.

ಸುದ್ದಿ ಕಡವಿಗೆ ಮುಟ್ಟದೆ ಇರುತ್ತದೆಯೇ? ಎರಡು ದಿನ ಕಳೆದು ಉಪ್ಪು ತರಲು ಹೋದಾಗ ಮಂಜಣ್ಣ ಪೊಟ್ಟಣ ಕಟ್ಟುತ್ತಾ ಹೇಳಿದ, "ಒಳ್ಳೆದಾಗ್ಲಿ ಕುಸುಮ. ಮಂಗಳೂರಿಗೆ ಕೊಡುವವರು ಆಟಿಯಲ್ಲಿ ಮಂಗಳೂರಿಗೇ ಹೋಗಿ ಅಕ್ಕಿ ಕೇಳಿ ಅಂತ ನಿನ್ನ ಅವ್ವನಿಗೆ ಹೇಳು. ಸಿಟ್ಟಿನಿಂದ ಹೇಳುದಲ್ಲ ಮತ್ತೆ. ನನಗೂ ಅಂಗಡಿ ನಡೀಬೇಕಲ್ಲ?" ಮನೆಗೆ ಬಂದು ಹೇಳಿದೆ. ಅವ್ವ ಕೇಳಿಸಿಕೊಂಡಳು. ಕತ್ತಿ ಹಿಡಿದು ಹೊಳೆ ಬದಿಗೆ ಎಲೆ ಕೊಯ್ಯಲು ಹೋದಳು.

ಸೇವಿಕಮ್ಮ ಮಂಗಳೂರಿನಿಂದ ಬೇಡಿಕೆ ತಂದರು. ಎಲ್ಲ ಚಾಪೆಗಳೂ ಒಂದೇ ಅಳತೆ ಇರಬೇಕು. ಆರು ಅಡಿ ಉದ್ದ, ಮೂರು ಅಡಿ ಅಗಲ. ನಮ್ಮಲ್ಲಿ ಯಾರ ಮನೆಯಲ್ಲೂ ಅಡಿಕೋಲು ಇರಲಿಲ್ಲ. ಸೇವಿಕಮ್ಮ ಬಾಯಲ್ಲೇ ಲೆಕ್ಕ ಹಾಕಿ, "ಒಂದೂವರೆ ಅಡಿಗೆ ಒಂದು ಮೊಳ. ನಾಲ್ಕು ಮೊಳ ಉದ್ದ, ಎರಡು ಮೊಳ ಅಗಲ ನೇಯಿರಿ. ಒಂದು ಬೆರಳು ಹೆಚ್ಚು ಕಡಿಮೆ ಆಗ್ಬಾರ್ದು" ಅಂದರು. ಎಲ್ಲರೂ ತಲೆ ಆಡಿಸಿದರು. ಇದರಲ್ಲಿ ತಪ್ಪು ಎಲ್ಲಿದೆ ಹೇಳಿ? ಲೆಕ್ಕ ಸರಿಯಾಗಿಯೇ ಇತ್ತು. ಪತ್ತನಾಜೆಯ ಒಳಗೆ ಮುಗಿಯಬೇಕು ಎಂದು ತೀರ್ಮಾನವಾಯಿತು. ಮೇ ಕೊನೆಯ ಆ ದಿನ ಕಳೆದರೆ ನಮ್ಮಲ್ಲಿ ಭೂತದ ಕೋಲವೂ ಇಲ್ಲ, ಯಕ್ಷಗಾನವೂ ಇಲ್ಲ, ಇನ್ನೇನಿದ್ದರೂ ಮಳೆ. ಮಳೆ ಬಿದ್ದರೆ ಹೊಳೆ ತುಂಬುತ್ತದೆ, ಹೊಳೆ ತುಂಬಿದರೆ ದೋಣಿ ಕಟ್ಟಿಡುತ್ತಾರೆ, ಒದ್ದೆಯಾದ ಚಾಪೆಗೆ ಬೂಸ್ಟು ಹಿಡಿಯುತ್ತದೆ.

ಆ ಬೇಸಿಗೆಯ ಕೆಲಸವನ್ನು ನೆನೆದರೆ ಈಗಲೂ ಕೈಬೆರಳುಗಳು ತುರಿಸುತ್ತವೆ. ಬೆಳಿಗ್ಗೆ ಗಂಜಿ ಕುಡಿದು ಹೊಳೆ ಬದಿಗೆ ಹೋಗುವುದು, ಆಳುದ್ದದ ಎಲೆಗಳನ್ನು ಕೊಯ್ಯುವುದು. ಎಲೆಯ ಎರಡು ಅಂಚಿಗೂ ನಡುಬೆನ್ನಿಗೂ ಗರಗಸದ ಹಲ್ಲಿನಂಥ ಮುಳ್ಳು. ಅದನ್ನು ಹೆರೆದು, ಎಲೆಯನ್ನು ಬಳೆಯ ಹಾಗೆ ಸುತ್ತಿ ಹಂಡೆಯಲ್ಲಿ ಬೇಯಿಸಿ, ತೋಡಿನ ನೀರಿನಲ್ಲಿ ನೆನೆಹಾಕಿ, ಬಿಸಿಲಿನಲ್ಲಿ ಒಣಗಿಸಿದರೆ ಹಸಿರು ಹೋಗಿ ಹಾಲಿನ ಕೆನೆಯ ಬಣ್ಣ ಬರುತ್ತದೆ. ಆಮೇಲೆ ಸೀಳುವುದು, ಆಮೇಲೆ ನೇಯುವುದು. ಇಷ್ಟು ವರ್ಷ ಒಬ್ಬೊಬ್ಬರೇ ಅವರವರ ಜಗಲಿಯಲ್ಲಿ ಬೆನ್ನು ಬಗ್ಗಿಸಿ ಮಾಡುತ್ತಿದ್ದ ಕೆಲಸ. ಆ ವರ್ಷ ಮಾತ್ರ ಎಲೆ ಬೇಯಿಸುವುದೆಲ್ಲ ನಮ್ಮ ಅಂಗಳದಲ್ಲಿ, ಎಲ್ಲರೂ ಒಟ್ಟಿಗೆ. ನೇಯ್ಗೆ ಮಾತ್ರ ಅವರವರ ಮನೆಯಲ್ಲಿ, ಸಂಸಾರದ ಕೆಲಸದ ನಡುವೆ ಬಿಡುವಾದಾಗ.

ಹಂಡೆಯ ಸುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಪೂವಕ್ಕ ತನ್ನ ಮದುವೆಯ ಕತೆ ಹೇಳುತ್ತಿದ್ದಳು. ಗಂಡಿಗಿಂತ ಹೆಣ್ಣು ಎತ್ತರವಾಯಿತೆಂದು ಅವಳನ್ನು ಧಾರೆಯ ಹೊತ್ತಿಗೆ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ್ದರಂತೆ. "ಅಂದಿನಿಂದ ಇಂದಿನವರೆಗೆ ಅವರು ಮೆಟ್ಟಿಲ ಮೇಲೆಯೇ ಇದ್ದಾರೆ, ಇಳಿಲೇ ಇಲ್ಲ" ಎಂದು ಅವಳು ಹೇಳಿದಾಗ ಐಸಮ್ಮ ಕೂಡ ಬಾಯಿಗೆ ಸೆರಗು ಒತ್ತಿ ನಕ್ಕಳು. ನಾನಂತೂ ಆ ದಿನಗಳಲ್ಲಿ ನಡೆದದ್ದೇ ಇಲ್ಲ, ಎಲ್ಲಿಗೆ ಹೋದರೂ ಓಟವೇ. ನಮ್ಮ ಚಾಪೆ ಮಂಗಳೂರಿಗೆ ಹೋಗುತ್ತದೆ! ಯಾರೋ ಗುರುತು ಪರಿಚಯ ಇಲ್ಲದವರು ಸಮುದ್ರದ ಗಾಳಿ ಬೀಸುವ ಮನೆಯಲ್ಲಿ ಅದರ ಮೇಲೆ ಮಲಗುತ್ತಾರೆ!

ಪತ್ತನಾಜೆಗೆ ಎರಡು ದಿನ ಇರುವಾಗ ಎಲ್ಲರೂ ತಮ್ಮ ತಮ್ಮ ಸುರುಳಿಗಳನ್ನು ಹೊತ್ತುಕೊಂಡು ನಮ್ಮ ಅಂಗಳಕ್ಕೆ ಬಂದರು. ಒಂದರ ಮೇಲೊಂದು ಹಾಸಿ, ದೊಡ್ಡ ಕಟ್ಟು ಕಟ್ಟುವುದು ಎಂದು ಲೆಕ್ಕ. ಕೆಳಗೆ ಪೂವಕ್ಕನ ಚಾಪೆ ಹಾಸಿದೆವು. ಅದರ ಮೇಲೆ ಅವ್ವನದ್ದು, ಅದರ ಮೇಲೆ ಇನ್ನೊಬ್ಬರದ್ದು, ಮೇಲೆ ಐಸಮ್ಮನದ್ದು. ಹಾಸಿ ಮುಗಿದ ಮೇಲೆ ನೋಡಿದರೆ ಅಂಗಳದಲ್ಲಿ ದೇವಸ್ಥಾನದ ಮೆಟ್ಟಿಲು ಕಟ್ಟಿದ ಹಾಗಿತ್ತು. ಒಂದಕ್ಕಿಂತ ಒಂದು ಸಣ್ಣದು. ಸೇವಿಕಮ್ಮನ ಮುಖ ಬಿಳಿಚಿತು.

"ಇದು ಎಂತದು ಐಸಮ್ಮ? ನಾನು ನಾಲ್ಕು ಮೊಳ ಹೇಳಿದ್ದಲ್ವಾ?"

"ನಾಲ್ಕು ಮೊಳವೇ ಸೇವಿಕಮ್ಮ. ನೋಡಿ ಬೇಕಾದ್ರೆ" ಎಂದು ಐಸಮ್ಮ ಮಂಡಿಯೂರಿ ತನ್ನ ಮೊಣಕೈ ಇಟ್ಟು ಅಳೆದಳು. ಸರಿಯಾಗಿ ನಾಲ್ಕು ಮೊಳ. ಒಂದು ಬೆರಳು ಹೆಚ್ಚಿಲ್ಲ, ಕಡಿಮೆ ಇಲ್ಲ.

ಪೂವಕ್ಕ ತನ್ನದನ್ನು ಅಳೆದಳು. ಅದೂ ಸರಿಯಾಗಿ ನಾಲ್ಕು. ಅವ್ವನದ್ದೂ ನಾಲ್ಕೇ. ಆಮೇಲೆ ಪೂವಕ್ಕ ಐಸಮ್ಮನ ಚಾಪೆಯ ಮೇಲೆ ತನ್ನ ಕೈ ಇಟ್ಟಳು. ಮೂರೂ ಚಿಲ್ಲರೆಗೆ ಮುಗಿದುಹೋಯಿತು. ಇಬ್ಬರೂ ಮೊಣಕೈಗೆ ಮೊಣಕೈ ಜೋಡಿಸಿ ಹಿಡಿದರು. ಐಸಮ್ಮನ ನಡುಬೆರಳು ಪೂವಕ್ಕನ ಬೆರಳುಗಳ ಬುಡಕ್ಕೆ ಬಂದು ನಿಂತಿತು. ಜಗಲಿಯಿಂದ ಅಪ್ಪ ಹೋ ಎಂದು ನಕ್ಕರು, ಅವ್ವ ನೋಡಿದ ನೋಟಕ್ಕೆ ಬಾಯಿ ಮುಚ್ಚಿದರು.

"ಮೊಳ ಅಂದ್ರೆ ಮೊಳ ಅಲ್ವಾ?" ಸೇವಿಕಮ್ಮನ ತೆಳ್ಳಗಿನ ಸ್ವರ ಇನ್ನೂ ತೆಳ್ಳಗಾಗಿತ್ತು.

"ಯಾರ ಮೊಳ ಅಂತ ನೀವು ಹೇಳ್ಲೇ ಇಲ್ಲವಲ್ಲ ಮಾರಾಯ್ರೆ!" ಅಂದಳು ಪೂವಕ್ಕ.

ಅಜ್ಜಿಯ ಕಾಲದಿಂದಲೂ ನಾವು ನೇಯುವುದು ಅವರವರ ಕೈಯ ಮೊಳದಲ್ಲೇ. ಮಂಜಣ್ಣ ಬಿಡಿಸಿ ನೋಡದ ಕಾರಣ ಒಬ್ಬರ ಚಾಪೆಯನ್ನು ಇನ್ನೊಬ್ಬರದ್ದರ ಪಕ್ಕದಲ್ಲಿಟ್ಟು ನೋಡುವ ಸಂದರ್ಭವೇ ಬಂದಿರಲಿಲ್ಲ. ಈಗ ಏನು ಮಾಡುವುದು? ಚಾಪೆಯ ಅಂಚನ್ನು ಮಡಚಿ ಒಳಗೆ ಸೇರಿಸಿ ಮುಗಿಸಿರುತ್ತದೆ. ಕತ್ತರಿಸಿದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ನೇಯಲು ಎಲೆ ಇಲ್ಲ, ಬಿಸಿಲಿಲ್ಲ, ದಿನವಿಲ್ಲ. ಘಟ್ಟದ ಮೇಲೆ ಆಗಲೇ ಗುಡುಗು ಶುರುವಾಗಿತ್ತು. ಐಸಮ್ಮ ತನ್ನ ಸುರುಳಿಗಳ ಪಕ್ಕದಲ್ಲಿ ಕುಸಿದು ಕೂತು, "ನನ್ನ ಕೈ ಗಿಡ್ಡ ಆದ್ದಕ್ಕೆ ಎಲ್ಲರ ಹೊಟ್ಟೆಗೂ ತಣ್ಣೀರು ಬಟ್ಟೆ" ಎಂದು ಅಳತೊಡಗಿದಳು. ಅವಳನ್ನು ನೋಡಿ ನನಗೂ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಮಧ್ಯಾಹ್ನದೊಳಗೆ ಮಂಜಣ್ಣನ ಕಡೆಯಿಂದ ಮಾತು ಬಂತು. ಚಾಪೆಗಳನ್ನು ತಂದು ಹಾಕಬಹುದು, ಆದರೆ ಹಳೆಯ ಬೆಲೆ ಇಲ್ಲ, ಅದರ ಅರ್ಧ. ಒಂದಿಬ್ಬರು ಎದ್ದೇ ನಿಂತರು. "ಅರ್ಧ ಆದ್ರೆ ಅರ್ಧ, ಇರುದನ್ನೂ ಕಳ್ಕೊಳ್ಳುದು ಯಾಕೆ?" ಎಂದು ಒಬ್ಬಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವ್ವ ನೆಲ ನೋಡುತ್ತಾ ನಿಂತಿದ್ದಳು. ಅವಳು ಎಲ್ಲರನ್ನೂ ಕರೆದುಕೊಂಡು ಬಂದವಳು.

ಆಗ ಅಪ್ಪ ಜಗಲಿಯಲ್ಲಿ ಕೈಯೂರಿ ಎದ್ದು ಕೂತರು. ಈ ಸಲ ನಗುತ್ತಿರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಉಂಟಲ್ವಾ? ನಾನು ಹುಟ್ಟಿದ ಮೇಲೆ ಕಾಲು ಮಡಚಿಯೇ ಮಲಗಿದ್ದು. ನೀವು ಕಾಲು ಇದ್ದಷ್ಟು ಹಾಸಿಗೆ ಮಾಡಿದ್ದೀರಿ. ಉದ್ದ ಇದ್ದವನಿಗೆ ಉದ್ದದ್ದು, ಗಿಡ್ಡ ಇದ್ದವನಿಗೆ ಗಿಡ್ಡದ್ದು. ಮಂಗಳೂರಿನಲ್ಲಿ ಎಂತ, ಜನ ಎಲ್ಲ ಒಂದೇ ಉದ್ದಕ್ಕೆ ಬೆಳೀತಾರಾ?"

ನಾನು ಚಂಗನೆ ಎದ್ದೆ. "ಹೌದಲ್ವಾ! ಹೌದಲ್ವಾ ಸೇವಿಕಮ್ಮ!" ಎಂದು ಅವರ ಕೈ ಹಿಡಿದು ಅಲುಗಾಡಿಸಿದೆ. ಅಷ್ಟರಲ್ಲಿ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಚಾಪೆಗಳನ್ನು ಉದ್ದ, ನಡು, ಗಿಡ್ಡ ಎಂದು ಬೇರೆ ಬೇರೆ ಸುತ್ತತೊಡಗಿದ್ದಳು. "ಹೋಗಿ ತೋರಿಸಿ ಬನ್ನಿ. ಬೇಡ ಅಂದ್ರೆ ಮಂಜಣ್ಣ ಎಲ್ಲಿಗೂ ಓಡಿ ಹೋಗುದಿಲ್ಲ" ಅಂದಳು.

ಮರುದಿನವೇ ಸೇವಿಕಮ್ಮ, ಪೂವಕ್ಕ ಮತ್ತು ನಾನು ಹೊರಟೆವು. ದೋಣಿಯಲ್ಲಿ ಕಟ್ಟುಗಳು, ಬಸ್ಸಿನ ತಲೆಯ ಮೇಲೆ ಕಟ್ಟುಗಳು. ಪುತ್ತೂರಿನಲ್ಲಿ ಬಸ್ಸು ಬದಲಿಸುವಾಗ ಪೂವಕ್ಕ ಕಟ್ಟು ಇಳಿಸಲು ಬಂದ ಆಳನ್ನು ದೂರ ನಿಲ್ಲಿಸಿ ತಾನೇ ಕೈ ಚಾಚಿ ಇಳಿಸಿದಳು. ಅಲ್ಲಿಯವರೆಗೆ ನಾನು ಪುತ್ತೂರಿನ ಆಚೆ ಹೋದವಳಲ್ಲ. ಮಂಗಳೂರು ಮುಟ್ಟಿದಾಗ ಸಮುದ್ರ ಎಲ್ಲಿದೆ ಎಂದು ಕತ್ತು ಉದ್ದ ಮಾಡಿ ಹುಡುಕಿದೆ. ಕಂಡದ್ದು ಹೆಂಚಿನ ಮಾಡುಗಳು, ಜನ, ಇನ್ನೂ ಜನ. ನೋಡಿದವರನ್ನೆಲ್ಲ ನಾನು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಇವರಿಗೆ ಪೂವಕ್ಕನದ್ದು, ಇವರಿಗೆ ಐಸಮ್ಮನದ್ದು, ಈ ದಪ್ಪದವರಿಗೆ ಎರಡು ಬೇಕಾದೀತು.

ಅಂಗಡಿ ನೋಡಿಕೊಳ್ಳುತ್ತಿದ್ದವರು ಸಿಸಿಲಿ ಬಾಯಿ. ನರೆತ ತಲೆ, ದಪ್ಪ ಕನ್ನಡಕ. ಮೊದಲ ಚಾಪೆ ಬಿಡಿಸಿದಾಗ ಅವರ ಮುಖ ಅರಳಿತು. ನಾಲ್ಕನೆಯದನ್ನು ಬಿಡಿಸುವ ಹೊತ್ತಿಗೆ ಹುಬ್ಬು ಗಂಟಿಕ್ಕಿತು. "ಕೆಲಸ ಚಿನ್ನದ ಹಾಗೆ ಉಂಟು. ಆದರೆ ನಾನು ಒಂದೇ ಅಳತೆ ಅಂತ ಹೇಳಿ ಕಳಿಸಿದ್ದಲ್ವಾ? ಗಿರಾಕಿಗಳಿಗೆ ನಾನು ಎಂತ ಹೇಳುದು?" ಸೇವಿಕಮ್ಮ ಬಾಯಿ ತೆರೆಯುವ ಮೊದಲೇ ನಾನು ಅಪ್ಪನ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಸಿಸಿಲಿ ಬಾಯಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಒಪ್ಪಿದ ಲಕ್ಷಣ ಕಾಣಲಿಲ್ಲ.

ಪೂವಕ್ಕನಿಗೆ ತಾಳ್ಮೆ ಇದ್ದದ್ದು ಅಷ್ಟೇ. ಅಂಗಡಿಯ ನಟ್ಟನಡುವೆ ಐಸಮ್ಮನ ಚಾಪೆ ಹಾಸಿ, ಸೆರಗು ಸರಿಮಾಡಿಕೊಂಡು, ಉದ್ದಕ್ಕೆ ಮಲಗಿಯೇಬಿಟ್ಟಳು. ಕಣಕಾಲಿನಿಂದ ಕೆಳಗೆ ಪೂರ್ತಿ ನೆಲದ ಮೇಲೆ. "ನೋಡಿ ಬಾಯಿ, ನಾನು ಗಿರಾಕಿ. ಇದು ನನಗೆ ಬೇಡ" ಎಂದು ಎದ್ದು, ತನ್ನದೇ ಚಾಪೆ ಹಾಸಿ ಮತ್ತೆ ಮಲಗಿದಳು. "ಈಗ ನೋಡಿ, ಕಾಲು ಹೊರಗೆ ಉಂಟಾ?" ಬುಟ್ಟಿ ನೋಡುತ್ತಿದ್ದ ಗಿರಾಕಿಗಳೆಲ್ಲ ಸುತ್ತ ಸೇರಿದರು. ಅವರ ನಡುವೆ ಪೂವಕ್ಕನಿಗಿಂತಲೂ ಒಂದು ಗೇಣು ಎತ್ತರದ ಮಾಸ್ತರರೊಬ್ಬರಿದ್ದರು. ಅವರು ನಗುನಗುತ್ತಾ, "ಅಮ್ಮ, ನೀವು ಏಳಿ, ಅದು ನನಗೆ ಬೇಕು. ಈವರೆಗೆ ನನ್ನ ಕಾಲಿಗೆ ಸಾಕಾಗುವ ಚಾಪೆ ಸಿಗಲೇ ಇಲ್ಲ" ಅಂದರು. ಅವರ ಹಿಂದೆಯೇ ಸೊಂಟದ ಮೇಲೆ ಮಗು ಕೂರಿಸಿಕೊಂಡ ತಾಯಿಯೊಬ್ಬಳು ಐಸಮ್ಮನ ಚಾಪೆಯ ಬೆಲೆ ಕೇಳಿದಳು. ಸಿಸಿಲಿ ಬಾಯಿಗೆ ನಗು ತಡೆಯಲಾಗಲಿಲ್ಲ.

ಆದರೂ ಹೊರಡುವಾಗ ಅವರು ನೇರವಾಗಿಯೇ ಹೇಳಿದರು. "ಎರಡು ಹೋಯ್ತು ಅಂತ ಎಲ್ಲ ಹೋಗ್ತದೆ ಅಂತ ಅಲ್ಲ. ನೇಯ್ದವರ ಹೆಸರು ಹೇಳಿಯೇ ಮಾರ್ತೇನೆ, ಐಸಮ್ಮನ ಚಾಪೆ, ಪೂವಕ್ಕನ ಚಾಪೆ ಅಂತ. ಹೋದ್ರೆ ನಿಮ್ಮದು ನಿಮಗೆ ಮುಟ್ತದೆ. ಹೋಗದಿದ್ರೆ ನೀವೇ ಬಂದು ತೆಗೊಂಡು ಹೋಗ್ಬೇಕು. ಸುಳ್ಳು ಆಸೆ ನಾನು ಹುಟ್ಟಿಸುದಿಲ್ಲ."

ಪತ್ತನಾಜೆಯ ಮರುದಿನವೇ ಮಳೆ ಹಿಡಿಯಿತು. ಜೂನ್ ಕಳೆಯಿತು. ಮಂಗಳೂರಿನಿಂದ ಯಾವ ಸುದ್ದಿಯೂ ಇಲ್ಲ. ಹೊಳೆ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ದೋಣಿಯನ್ನು ಹಲಸಿನ ಮರಕ್ಕೆ ಕಟ್ಟಿದ್ದರು. ಸೇವಿಕಮ್ಮ ವಿಚಾರಿಸಿಕೊಂಡು ಬರುತ್ತೇನೆಂದು ಹೊಳೆ ಸ್ವಲ್ಪ ಇಳಿದ ಒಂದು ದಿನ ದಾಟಿ ಹೋದವರು ವಾಪಸು ಬಂದಿರಲಿಲ್ಲ. ಹೋಗುವಾಗ ಅವ್ವ ಅವರ ಹತ್ತಿರ, ಹಣ ಏನಾದರೂ ಸಿಕ್ಕಿದರೆ ಹಣ ತರಬೇಡಿ, ಪುತ್ತೂರಿನಲ್ಲಿ ಅಕ್ಕಿಯನ್ನೇ ತೆಗೆದುಕೊಂಡು ಬನ್ನಿ ಎಂದಿದ್ದಳು. ಆಟಿ ಹುಟ್ಟಲು ಇನ್ನು ಕೆಲವೇ ದಿನ. ಮನೆಯಲ್ಲಿ ರಾತ್ರಿಯ ಗಂಜಿಯಲ್ಲಿ ಅನ್ನದ ಅಗುಳಿಗಿಂತ ಕೆಸುವಿನ ದಂಟೇ ಹೆಚ್ಚಾಗಿತ್ತು. ಅಪ್ಪ ಕೀಟಲೆ ನಿಲ್ಲಿಸಿದ್ದರು. ಅದು ನನಗೆ ಹಸಿವಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ದಿನಾ ಬಸ್ಸಿನ ಹೊತ್ತಿಗೆ ನಾನು ಕಡವಿಗೆ ಓಡುತ್ತಿದ್ದೆ. ಒಂದು ದಿನ ಅವ್ವನೂ ಬಂದಳು, ಪೂವಕ್ಕ, ಐಸಮ್ಮನೂ ಬಂದರು. ಮಳೆಗೆ ತಲೆ, ಬೆನ್ನು ಮುಚ್ಚುವ ತಾಳೆಗರಿಯ ಗೊರಬೆ ಹೊದ್ದು ನಿಂತಿದ್ದೆವು. ಆಚೆ ದಡದಲ್ಲಿ ಬಸ್ಸು ಬಂದು ನಿಂತಿತು. ಅದರಿಂದ ಕಪ್ಪು ಕೊಡೆಯೊಂದು ಇಳಿಯಿತು. ಸೇವಿಕಮ್ಮ! ಅವರು ನೀರಿನ ಅಂಚಿಗೆ ಓಡಿ ಬಂದು ಕೊಡೆ ಬೀಸುತ್ತಾ ಏನೋ ಕೂಗಿದರು. ಹೊಳೆಯ ಮೊರೆತದಲ್ಲಿ ಅವರ ಸ್ವರ ಎಲ್ಲಿ ಕೇಳಬೇಕು? ನಾವು ಕೂಗಿದ್ದು ಅವರಿಗೆ ಕೇಳುವುದಿಲ್ಲ, ಅವರು ಕೂಗಿದ್ದು ನಮಗಿಲ್ಲ. ಅವರ ಪಕ್ಕಕ್ಕೆ ಬಂದ ಕಂಡಕ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಅದೂ ಮಾತಾಗಿ ಬರಲಿಲ್ಲ. ಆಗ ಮಂಜಣ್ಣ ಅಂಗಡಿಯಿಂದ ಇಳಿದು ಬಂದ. ಬದುಕಿಡೀ ಆಚೆ ದಡದ ದೋಣಿಯವನನ್ನು ಕೂಗಿ ಕರೆದು ಪಳಗಿದ ಗಂಟಲು ಮತ್ತು ಕಿವಿ ಅವನವು. ಒಂದು ಸಲ ಕೂಗಿ ಕೇಳಿದ, ಕಿವಿಗೆ ಕೈ ಕೊಟ್ಟು ನಿಂತ. ಇನ್ನೊಂದು ಸಲ ಕೂಗಿದ. ಆಮೇಲೆ ನಮ್ಮ ಕಡೆ ತಿರುಗದೆ ಹೆಗಲ ವಸ್ತ್ರದಿಂದ ಮುಖದ ಮಳೆನೀರು ಒರೆಸಿಕೊಂಡ.

"ಎಂತ ಹೇಳುದು ಮಂಜಣ್ಣ? ಹೇಳು ಮಾರಾಯ!" ಪೂವಕ್ಕ ಅವನ ಭುಜ ಹಿಡಿದು ಅಲುಗಾಡಿಸಿದಳು.

ಮಂಜಣ್ಣ ಈಗ ತಿರುಗಿದ. "ಚಾಪೆ ಎಲ್ಲ ಮಾರಿ ಆಯ್ತಂತೆ. ಒಂದೂ ಉಳೀಲಿಲ್ಲ ಅಂತೆ." ಐಸಮ್ಮನ ಕಡೆ ನೋಡಿ, "ಐಸಮ್ಮನ ಚಾಪೆ ಇನ್ನೂ ಬೇಕಂತೆ. ಮಕ್ಕಳಿಗೆ ಅಂತ ಕೇಳ್ಕೊಂಡು ಬರ್ತಾರಂತೆ. ನೇಯ್ತೀರಾ ಅಂತ ಕೇಳ್ತಾರೆ" ಅಂದ.

ಆಚೆ ದಡದಲ್ಲಿ ಬಸ್ಸಿನ ತಲೆಯ ಮೇಲಿನಿಂದ ಟರ್ಪಾಲು ಸರಿಸಿ ಬೈಹುಲ್ಲಿನಲ್ಲಿ ಸುತ್ತಿ ಕಟ್ಟಿದ ಅಕ್ಕಿ ಮುಡಿಗಳನ್ನು ಇಳಿಸುತ್ತಿದ್ದರು. ದುಂಡಗೆ, ಹಳದಿ, ಒಂದರ ಹಿಂದೆ ಒಂದು. ಐಸಮ್ಮ ತನ್ನ ಪುಟ್ಟ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ನಾನು ಕುಣಿದೆ ಎಂದು ಆಮೇಲೆ ಎಲ್ಲರೂ ಹೇಳಿದರು, ನನಗೆ ನೆನಪಿಲ್ಲ. ನೆನಪಿರುವುದು ಅವ್ವ. ಆಕೆ ಗೊರಬೆ ಕೆಳಗೆ ಬಿಟ್ಟು, ಮಳೆಯಲ್ಲಿ ನೀರಿನ ಅಂಚಿನವರೆಗೆ ಹೋಗಿ, ಎರಡೂ ಕೈ ಮೇಲೆತ್ತಿ ಕೂಗಿದಳು. "ನೇಯ್ತೇವೆ! ನೇಯ್ತೇವೆ ಅಂತ ಹೇಳಿ!" ನನ್ನ ಅವ್ವನಿಗೆ ಅಂಥ ಸ್ವರ ಉಂಟೆಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಮಂಜಣ್ಣನ ಸಹಾಯ ಬೇಕಾಗಲಿಲ್ಲ, ಆಚೆ ದಡದ ಕೊಡೆ ಜೋರಾಗಿ ಅಲುಗಾಡಿತು.

"ಈ ಮಳೆಯಲ್ಲಿ ಎಲೆ ಒಣಗಿಸುದು ಎಲ್ಲಿ ದೇವಕ್ಕ?" ಪೂವಕ್ಕ ನಗುತ್ತಾ ಕೇಳಿದಳು.

"ಅದು ಆಮೇಲೆ ನೋಡುವ. ಮೊದಲು ಹೌದು ಅಂತ ಹೇಳಿ ಆಗ್ಲಿ."

ಮರುದಿನ ಬೆಳಿಗ್ಗೆ ನೀರು ಸ್ವಲ್ಪ ಇಳಿದಾಗ ದೋಣಿಯವನು ಧೈರ್ಯ ಮಾಡಿ ಮುಡಿಗಳನ್ನು ದಾಟಿಸಿದ. ನಮ್ಮ ಪಾಲಿನದ್ದನ್ನು ಪೂವಕ್ಕನೂ ನಾನೂ ಹೊತ್ತು ತಂದು ಜಗಲಿಯಲ್ಲಿ ಅಪ್ಪನ ಪಕ್ಕದಲ್ಲಿ ಇಳಿಸಿದೆವು. ಅಪ್ಪ ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ಅಪ್ಪನ ಕಾಲು ಮುರಿದಂದಿನಿಂದ ಅವ್ವ ದಿನಾ ಕುಡ್ತೆಯಲ್ಲಿ ಅಕ್ಕಿ ಅಳೆದು, ಅಂಗೈಯಿಂದ ಮೇಲಿನದ್ದನ್ನು ಸವರಿ, ಒಂದು ಹಿಡಿ ಮತ್ತೆ ಡಬ್ಬಕ್ಕೆ ಹಾಕಿಯೇ ಗಂಜಿಗೆ ಇಡುತ್ತಿದ್ದಳು. ಆ ದಿನ ಮುಡಿ ಬಿಚ್ಚಿ, ಎರಡೂ ಬೊಗಸೆ ತುಂಬ ತೆಗೆದು, ಅಳೆಯದೆಯೇ ಪಾತ್ರೆಗೆ ಸುರಿದಳು.